ಗೇಟು ಮುಚ್ಚುವ ಮುನ್ನ, ಗಾಡಿ ಒಣಗಲಿ

ನಿಮ್ಮ ಮನೆಯಲ್ಲೂ ಬೈಕ್ ಇದೆಯೇ? ಅದನ್ನು ತೊಳೆದು, ನೀರು ಸೋರುತ್ತಿರುವಾಗಲೇ ಏರಿ ಹೊರಡುವ ಯಜಮಾನರೂ ಇದ್ದಾರೆಯೇ? ಹಾಗಾದರೆ ನಮ್ಮ ಮನೆಯ ಕಥೆ ಸ್ವಲ್ಪ ಕೇಳಿ.

ನಮ್ಮದು ಇಸ್ತ್ರಿ ಅಂಗಡಿ. ಒಗೆಯುವುದು, ಒಣಗಿಸುವುದು, ಇಸ್ತ್ರಿ ಮಾಡುವುದು, ಮೂರೂ ನಮ್ಮಲ್ಲೇ. ಒಬ್ಬಳೇ ಮಗಳು, ಮೂವತ್ತು ಕಿಲೋಮೀಟರ್ ದೂರದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಭಾನುವಾರ ಹತ್ತರಿಂದ ಹನ್ನೊಂದರವರೆಗೆ ಮಾತ್ರ ಭೇಟಿ. ಹನ್ನೊಂದಾಯಿತೆಂದರೆ ದೇವರೇ ಬಂದರೂ ಆ ಗೇಟು ತೆರೆಯುವುದಿಲ್ಲ. ನಮ್ಮವರು ಇಸ್ತ್ರಿ ಮಾಡಿದ ಆರು ಜೊತೆ ಬಟ್ಟೆ ಕೊಟ್ಟು, ಅವಳು ತೊಟ್ಟು ಬಿಟ್ಟ ಬಟ್ಟೆಯ ಗಂಟು ತರುತ್ತಾರೆ. ನಾನೂ ಹೋದರೆ ಸೋಮವಾರ ಊರಿನ ಅರ್ಧ ಮಕ್ಕಳಿಗೆ ಸಮವಸ್ತ್ರವಿಲ್ಲ. ಹಾಗಾಗಿ ನನ್ನ ಪಾಲಿಗೆ ಆ ಗಂಟೇ ಮಗಳು. ಒಗೆಯುವ ಮುಂಚೆ ಒಮ್ಮೆ ಮುಖಕ್ಕೆ ಒತ್ತಿಕೊಳ್ಳುತ್ತೇನೆ.

ಎರಡು ಭಾನುವಾರ ಆ ಗಂಟು ಬರಲಿಲ್ಲ.

ಅಂಗಡಿಗೆ ಹೊಸ ನೀರಿನ ಪೈಪು ಬಂದದ್ದೇ ತಡ, ನಮ್ಮವರು ಹೊರಡುವ ಮುನ್ನ ಬೈಕಿಗೆ ಅಭ್ಯಂಜನ ಶುರು ಮಾಡಿದ್ದರು. ಗೆಳತಿಯರ ಎದುರು ಮಗಳಿಗೆ ಅವಮಾನವಾಗಬಾರದಲ್ಲ!

"ಒರೆಸ್ಕೊಂಡಾದ್ರೂ ಹೋಗ್ರೀ," ಎಂದರೆ, "ಓಡ್ತಾ ಓಡ್ತಾ ಗಾಳಿಗೇ ಒಣಗುತ್ತೆ ಬಿಡೇ," ಎನ್ನುತ್ತಿದ್ದರು.

ಮೊದಲ ವಾರ ಅರ್ಧ ದಾರಿಯಲ್ಲಿ ಬೈಕು ಕೆಮ್ಮಿ ನಿಂತಿತು. ತಳ್ಳಿಕೊಂಡು ಹೋಗುವಷ್ಟರಲ್ಲಿ ಗೇಟು ಮುಚ್ಚಿತ್ತು. ಎರಡನೇ ವಾರ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೂ ಹಿಡಿಯದೆ ಬೇಲಿಗೆ ನುಗ್ಗಿದರು. ಪುಣ್ಯಕ್ಕೆ ಮೊಣಕಾಲು ತರಚಿದ್ದಷ್ಟೇ. ಆದರೆ ಗೇಟು ಮತ್ತೆ ಮುಚ್ಚಿತ್ತು. ಎರಡೂ ಸಲ ಇಸ್ತ್ರಿ ಬಟ್ಟೆಯನ್ನು ಕಾವಲುಗಾರನ ಕೈಗೆ ಕೊಟ್ಟರು; ಗಂಟು ಮಾತ್ರ ಭೇಟಿಯ ಹೊತ್ತಿನಲ್ಲೇ ಎಂದನಂತೆ, ಬರಿಗೈಯಲ್ಲಿ ಮರಳಿದರು.

"ಏನಂದ್ಲು?" ಎಂದೆ.

"ಏನಂತಾಳೆ? ಮೇಲಿನ ಕಿಟಕೀಲಿ ನಿಂತು ಕೈ ಬೀಸಿದ್ಲು. ಸ್ವಲ್ಪ ಸೊರಗಿದಾಳೇನೋ. ಅಷ್ಟು ದೂರದಿಂದ ಸರಿಯಾಗಿ ಕಾಣ್ಲಿಲ್ಲ ಕಣೇ."

ಅಂಗಳದ ತಂತಿಯ ಮೇಲೆ ಊರಿನವರ ಬಟ್ಟೆಯೆಲ್ಲ ಹಾರಾಡುತ್ತಿತ್ತು. ನನ್ನ ಮಗಳದ್ದು ಒಂದು ಕರ್ಚೀಫೂ ಇರಲಿಲ್ಲ. ತಡೆಯಲಾರದೆ ಅತ್ತುಬಿಟ್ಟೆ.

ಮೂರನೇ ಭಾನುವಾರ ಬೆಳಗ್ಗೆ ಆರೂವರೆಗೆ ಮತ್ತೆ ಪೈಪಿನ ಸದ್ದು! ಓಡಿಹೋಗಿ ಎದುರು ಗ್ಯಾರೇಜಿನ ಮೆಕ್ಯಾನಿಕ್ ಅಕ್ಕನನ್ನು ಕರೆತಂದೆ.

"ಬೈಕೇನು ಸಕ್ಕರೆನಾ ಅಕ್ಕ, ನೀರಿಗೆ ಕರಗೋಕೆ? ಮಳೇಲೂ ಓಡುತ್ತಲ್ಲ!" ಎಂದರು ನಮ್ಮವರು.

"ಮಳೆ ಮೇಲಿಂದ ಬೀಳುತ್ತೆ ತಮ್ಮ. ನೀನು ಪೈಪ್ ಹಿಡ್ಕೊಂಡು ಸಂದುಗೊಂದಿಗೆಲ್ಲ ನುಗ್ಗಿಸ್ತಿದೀಯ," ಎಂದ ಅಕ್ಕ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕ್ಯಾಪನ್ನು ಕಿತ್ತು ಬಗ್ಗಿಸಿದಳು. ನೀರು ತೊಟ್ಟಿಕ್ಕಿತು. "ಕಾಲರ್ ಒದ್ದೆ ಇರೋ ಅಂಗಿ ಮಡಚಿ ಗಿರಾಕಿಗೆ ಕೊಡ್ತೀಯಾ?"

"ಛೇ! ಮುಗ್ಗಲು ವಾಸನೆ ಬರುತ್ತೆ. ಮುಖಕ್ಕೆ ಎಸೀತಾರೆ."

"ಮತ್ತೆ ಗಾಡಿ ಮಾತ್ರ ಒದ್ದೇಲೇ ಹೊರಡ್ಬೇಕಾ? ಮೇಲೆ ಒಣಗಿದ್ರೂ ಸಂದೀಲಿ ನೀರಿರುತ್ತೆ. ಅದಕ್ಕೇ ಎಂಜಿನ್ ನಿಲ್ಲೋದು. ಬ್ರೇಕ್ ಒದ್ದೆ ಇದ್ರೆ ಹಿಡಿಯಲ್ಲ. ಚೈನು ತುಕ್ಕು ತಿನ್ನುತ್ತೆ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ನೀರಿನ ಬಾನಿಗೆ ಬಿತ್ತಂತೆ. ನಮ್ಮವರ ಮುಖ ಹಾಗಾಗಿತ್ತು.

ನಾನು ಹಳೆಯ ಹತ್ತಿಬಟ್ಟೆ ತಂದುಕೊಟ್ಟೆ. ಅಕ್ಕ ಹೇಳಿದಂತೆ ಅವರು ಮೇಲಿನಿಂದ ಕೆಳಕ್ಕೆ ಒರೆಸಿದರು. ಸ್ವಿಚ್ಚುಗಳ ಸುತ್ತ, ಸೀಟಿನ ಅಡಿ, ಪ್ಲಗ್ಗಿನ ಕ್ಯಾಪಿನೊಳಗೆ, ಎಲ್ಲ ಕಡೆ. ಚೈನು ಪೂರ್ತಿ ಒಣಗಿದ ಮೇಲೆ ಎಣ್ಣೆ ಬಿಟ್ಟರು. ಬ್ರೇಕಿಗೆ ಒಂದು ಹನಿಯೂ ತಾಗದಂತೆ ಅಕ್ಕ ಕಾವಲಿದ್ದಳು. ಕ್ಯಾಪನ್ನು ಮತ್ತೆ ಕೂರಿಸಿದ ಮೇಲೆ, ಬಯಲಿನಲ್ಲಿ ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿತು. ಕೊನೆಗೆ ಖಾಲಿ ಬೀದಿಯಲ್ಲಿ ನಿಧಾನವಾಗಿ ಸಾಗುತ್ತಾ, ಸರಿಯಾಗಿ ಹಿಡಿಯುವವರೆಗೆ ಮತ್ತೆ ಮತ್ತೆ ಮೆಲ್ಲಗೆ ಬ್ರೇಕ್ ಒತ್ತಿದರು.

"ಇನ್ನು ಹೊರಡು. ಮುಂದಿನ ವಾರದಿಂದ ಹಿಂದಿನ ದಿನವೇ ತೊಳಿ. ಪೂರ್ತಿ ಒಣಗೋವರೆಗೂ ಕವರ್ ಹಾಕ್ಬೇಡ," ಎಂದಳು ಅಕ್ಕ.

ಅಂದು ಇಸ್ತ್ರಿಪೆಟ್ಟಿಗೆ ಕೈಯಲ್ಲಿದ್ದರೂ ಕಣ್ಣು ರಸ್ತೆಯ ಮೇಲೇ ಇತ್ತು. ಮಧ್ಯಾಹ್ನ ಬೈಕು ಬಂದು ನಿಂತಿತು. ಹಿಂದೆ ದೊಡ್ಡ ಗಂಟು, ಮೂರು ವಾರದ್ದು.

"ಏನಂದ್ಲು?"

"'ಗಾಡಿ ಕೊಳಕಾಗಿದ್ರೂ ಪರವಾಗಿಲ್ಲ ಅಪ್ಪಾ, ಹತ್ತು ಗಂಟೆಗೆ ನೀವಿಲ್ಲಿರ್ಬೇಕು' ಅಂದ್ಲು. ಗಂಟೆಯಿಡೀ ನನ್ನ ಕೈ ಬಿಡ್ಲಿಲ್ಲ."

ಗಂಟು ಬಿಚ್ಚಿದೆ. ಅವಳ ತಲೆಯೆಣ್ಣೆಯ ವಾಸನೆ ಬಂತು. ಆ ಬಟ್ಟೆಗಳನ್ನು ಅಂದು ನಾನು ನೀರಿಗೆ ಹಾಕಲಿಲ್ಲ.

ಅಣ್ಣಂದಿರೇ, ತಮ್ಮಂದಿರೇ, ಗಾಡಿ ಓಡಿಸುವ ಅಕ್ಕತಂಗಿಯರೇ, ಗಾಡಿ ತೊಳೆಯಿರಿ, ಬೇಡವೆನ್ನುವುದಿಲ್ಲ. ಆದರೆ ಒರೆಸಿ, ಒಣಗಿಸಿ, ಬ್ರೇಕ್ ನೋಡಿಕೊಂಡೇ ದೊಡ್ಡ ರಸ್ತೆಗೆ ಇಳಿಯಿರಿ. ಮಗಳು ಕಿಟಕಿಯಲ್ಲಿ ಕೈ ಬೀಸುವುದನ್ನು ಮುಚ್ಚಿದ ಗೇಟಿನಾಚೆ ನಿಂತು ನೋಡುವ ಗತಿ ನಿಮಗೆ ಬಾರದಿರಲಿ.