ಅಡ್ಡಗಾಳಿ ಹೊಡೆದ ಪ್ರಿಂಟರ್‌ಗಳು

ಅಕ್ಷರ ಮೂಡಿಸುವುದನ್ನೇ ನಿಲ್ಲಿಸಿದ್ದ ಲೇಬಲ್ ಪ್ರಿಂಟರ್‌ಗಳಿಗೆ ಅಡ್ಡಗಾಳಿ ಹೊಡೆದಿದೆ ಎಂದು ಲೆಪೊಸಾವಾ ತೀರ್ಪು ಕೊಟ್ಟಾಗ ಸೊಸೆ ಬಿಲ್ಯಾನಾ ಸುಟ್ಟ ಕೆಂಪು ದಪ್ಪಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು.

"ಅತ್ತೆ, ಅವು ಮಿಷನ್ನು. ಮಿಷನ್‌ಗೆ ಎಲ್ಲಾದ್ರೂ ಶೀತ ಆಗುತ್ತಾ?"

"ನಿಂಗೇನೇ ಗೊತ್ತು? ಒದ್ದೆ ತಲೇಲಿ ಅಂಗಳಕ್ಕೆ ಹೋಗೋಳು ನೀನು," ಎಂದ ಮುದುಕಿ ತನ್ನ ಉಣ್ಣೆಯ ಶಾಲನ್ನು ತಂದು ಎರಡೂ ಪ್ರಿಂಟರ್‌ಗಳಿಗೆ ಕತ್ತಿನವರೆಗೂ ಹೊದಿಸಿದಳು. ಪ್ರಿಂಟರ್‌ಗೆ ಕತ್ತು ಎಲ್ಲಿದೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ಲೆಸ್ಕೊವಾತ್ಸ್ ಸುತ್ತಿನ ಊರುಗಳಲ್ಲಿ, ಎದುರುಬದುರು ಕಿಟಕಿ ತೆರೆದಾಗ ನಡುವೆ ಹಾಯುವ ಗಾಳಿಗಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ಸೊಂಟನೋವು, ಹಲ್ಲುನೋವು, ಮಗ ಪರೀಕ್ಷೆಯಲ್ಲಿ ನಪಾಸಾದದ್ದು, ಎಲ್ಲ ಅದರದ್ದೇ ಕೆಲಸ. ಬಿಲ್ಯಾನಾ ಇದನ್ನು ಒಂದು ಚೂರೂ ನಂಬುತ್ತಿರಲಿಲ್ಲ.

ಅವಳ ಸಂಕಟ ಬೇರೆಯೇ ಇತ್ತು. ಮದುವೆಯಾಗಿ ಬಂದಾಗಿನಿಂದ ಪ್ರತಿ ಸೆಪ್ಟೆಂಬರಿನಲ್ಲೂ ಮೆಣಸಿನಕಾಯಿ ಸುಡುವವಳು ಅವಳು, ಸುಲಿಯುವವಳು ಅವಳು, ಕೈಬೆರಳು ಉರಿಯುತ್ತಿದ್ದರೂ ಕಡಾಯಿಯ ಮುಂದೆ ನಿಂತು ಆಯ್ವಾರ್ ಎಂಬ ಆ ಗೊಜ್ಜನ್ನು ಕೆದಕುವವಳು ಅವಳು. ಬಾಟಲಿಯ ಮೇಲೆ ಮಾತ್ರ "ಲೆಪೊಸಾವಾಳ ಮನೆಯ ಆಯ್ವಾರ್" ಎಂದಿರುತ್ತಿತ್ತು. ಬೇರೆ ಹೆಸರು ಬರುವ ಹಾಗೂ ಇರಲಿಲ್ಲ. ಆ ಲೇಬಲನ್ನು ಪ್ರಿಂಟರ್‌ಗಳ ಹೊಟ್ಟೆಗೆ ತುಂಬಿಸಿದ್ದ ಪುಣ್ಯಾತ್ಮ ತನ್ನ ಕಂಪ್ಯೂಟರನ್ನೂ ಕಟ್ಟಿಕೊಂಡು ಆಸ್ಟ್ರಿಯಾಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಅವಕ್ಕೆ ಗೊತ್ತಿದ್ದದ್ದು ಅದೊಂದೇ ಹೆಸರು. ಅದೂ ಈಗ ಪೂರ್ತಿ ಗೊತ್ತಿರಲಿಲ್ಲ: ಒಂದಕ್ಕೆ ಎಡಗಡೆಯ ಅರ್ಧ ಮಾತ್ರ ಬರುತ್ತಿತ್ತು, ಇನ್ನೊಂದಕ್ಕೆ ಬಲಗಡೆಯ ಅರ್ಧ. ಹಾಗಾಗಿ ಒಂದೊಂದು ಲೇಬಲನ್ನೂ ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ ತೂರಿಸಿ ತೆಗೆಯಬೇಕಿತ್ತು. ಮನೆಗೆ ಬಂದ ನೆಂಟರು ಇದನ್ನು ನೋಡಿ ನಗುವುದೋ ಅಳುವುದೋ ತಿಳಿಯದೆ ಕಾಫಿ ಕುಡಿಯುತ್ತಿದ್ದರು.

"ಹೊಸದು ತರೋಣ ಅತ್ತೆ," ಎಂದರೆ, "ಹಳೇದು ಸಾಯಲಿ, ಆಮೇಲೆ," ಎನ್ನುತ್ತಿದ್ದಳು ಲೆಪೊಸಾವಾ. ಬಿಲ್ಯಾನಾಳ ಗಂಡ ರಾದಿಶಾ ಅಮ್ಮನ ಮುಂದೆ ಅಮ್ಮನ ಕಡೆ, ಹೆಂಡತಿಯ ಮುಂದೆ ಹೆಂಡತಿಯ ಕಡೆ. ಇಬ್ಬರೂ ಇದ್ದರೆ ಟ್ರ್ಯಾಕ್ಟರ್ ಕಡೆ.

ಶಾಲಿನಡಿಯಲ್ಲಿ ಬೆಚ್ಚಗಾದ ಪ್ರಿಂಟರ್‌ಗಳಿಗೆ ಮುದುಕಿ ಮುಂದಿನ ಮದ್ದು ಶುರುಮಾಡಿದಳು. ಬೀರುವಿನ ಬೀಗ ತೆಗೆದು ಪ್ಲಮ್ ಹಣ್ಣಿನ ಸಾರಾಯಿಯಾದ ರಾಕಿಯಾ ತಂದಳು, ಪ್ರಿಂಟರ್‌ಗಳ ಮುಚ್ಚಳ ಎತ್ತಿಸಿದಳು, ಹತ್ತಿಯನ್ನು ರಾಕಿಯಾದಲ್ಲಿ ಅದ್ದಿ, ಜ್ವರ ಬಂದ ಮಗುವಿನ ಎದೆಗೆ ಉಜ್ಜುವಂತೆ ಒಳಗೆಲ್ಲ ಉಜ್ಜಿದಳು. ಒಂದು ಗುಟುಕು ತಾನೂ ಕುಡಿದಳು. ಸ್ವಿಚ್ ಹಾಕಿದರೆ ಎರಡೂ ಗುರ್ ಎಂದು ಲೆಪೊಸಾವಾಳ ಹೆಸರನ್ನು ಅಚ್ಚುಕಟ್ಟಾಗಿ ಅರ್ಧರ್ಧ ಹೊರಗೆ ಹಾಕಿದವು! ಬಿಲ್ಯಾನಾಳ ಹೊಟ್ಟೆ ಉರಿದುಹೋಯಿತು.

ಅವತ್ತು ಸಂಜೆ ಅವಳೊಂದು ಕೆಲಸ ಮಾಡಿದಳು. ಅತ್ತೆ ಮಲಗಲು ಹೋದ ಮೇಲೆ ಪ್ರಿಂಟರ್‌ಗಳಿದ್ದ ಬೇಸಿಗೆ ಅಡುಗೆಮನೆಯ ಎರಡು ಕಡೆಯ ಕಿಟಕಿಗಳನ್ನೂ ಹಾರುಹೊಡೆದಿಟ್ಟಳು. ಅಡ್ಡಗಾಳಿಯನ್ನು ನಂಬದವಳು ಅಡ್ಡಗಾಳಿಯಿಂದಲೇ ಎರಡು ಪ್ರಿಂಟರ್‌ಗಳನ್ನು ಮುಗಿಸಲು ಹೊರಟಿದ್ದಳು. ಬೆಳಿಗ್ಗೆ ನೋಡಿದರೆ ಎರಡೂ ಬರೀ ಬಿಳಿ ಕಾಗದ ಉಗುಳುತ್ತಿದ್ದವು. ಕಿಟಕಿಯ ಕೆಳಗೇ ಮೆಣಸಿನಕಾಯಿ ಸುಡುವ ಒಲೆ, ಅದರ ಮಸಿಯೆಲ್ಲ ಒಳಗೆ ಬಂದಿದೆ, ಅಷ್ಟೇ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೂ ಕುತ್ತಿಗೆಗೊಂದು ಬಟ್ಟೆ ಸುತ್ತಿಕೊಂಡಳು.

ಮುದುಕಿ ಮತ್ತೆ ರಾಕಿಯಾ ತಂದಳು. ಪ್ರಿಂಟರ್‌ಗಳು ಮತ್ತೆ ಎದ್ದವು. ಬಿಲ್ಯಾನಾ ಮತ್ತೆ ಕಿಟಕಿ ತೆಗೆದಳು. ಹೀಗೆ ಆ ವಾರವೆಲ್ಲ ಒಬ್ಬಳು ಕೊಲ್ಲುವುದು, ಇನ್ನೊಬ್ಬಳು ಬದುಕಿಸುವುದು ನಡೆಯಿತು. ಅಡುಗೆಮನೆಯೆಲ್ಲ ಹೆಂಡದಂಗಡಿಯ ಹಾಗೆ ನಾರುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಅವು ರಾಕಿಯಾಕ್ಕೂ ಜಗ್ಗಲಿಲ್ಲ. ಎಡಗಡೆಯದು ಸ್ವಲ್ಪ ಹೊಗೆ ಬಿಟ್ಟು ಸುಮ್ಮನಾಯಿತು, ಬಲಗಡೆಯದು ಅದನ್ನು ನೋಡಿ ಹೆದರಿದ ಹಾಗೆ ತಾನೂ ಸುಮ್ಮನಾಯಿತು.

ಲೆಪೊಸಾವಾ ಎರಡರ ಮೇಲೂ ಕೈಯಿಟ್ಟು ನೋಡಿದಳು. "ಹೋದವು," ಎಂದಳು. ಸತ್ತವರಿಗೆ ಮಾಡುವ ಹಾಗೆ ಮೇಣದಬತ್ತಿ ಹಚ್ಚಿದಳು, ನೆಲಕ್ಕೆ ನಾಲ್ಕು ಹನಿ ರಾಕಿಯಾ ಚೆಲ್ಲಿದಳು. ರಾದಿಶಾ ಟೋಪಿ ತೆಗೆದು ನಿಂತ. ಬಿಲ್ಯಾನಾಳೂ ತಲೆ ಬಗ್ಗಿಸಿದಳು, ನಗು ಕಾಣಬಾರದೆಂದು.

ಮಾತು ಅಂದರೆ ಮಾತು. ಮಾರನೆಯ ದಿನವೇ ರಾದಿಶಾ ನೀಶ್ ಪೇಟೆಯಿಂದ ಹೊಸ ಪ್ರಿಂಟರ್ ತಂದ. ಒಂದೇ ಪ್ರಿಂಟರ್, ಎರಡೂ ಅರ್ಧ ಅದರಲ್ಲೇ. ಬಿಲ್ಯಾನಾ ಫೋನಿನಲ್ಲಿ "ಬಿಲ್ಯಾನಾಳ ಆಯ್ವಾರ್" ಎಂದು ಟೈಪು ಮಾಡಿ ಪ್ರಿಂಟರ್‌ಗೆ ಕಳಿಸಿದಳು. ಖುಷಿಗೆ, ಒಲೆಯ ಸೆಕೆಗೆ, ಎರಡೂ ಕಿಟಕಿ ತೆರೆದಳು. ಮೊದಲ ನಾಲ್ಕೈದು ಲೇಬಲ್ ಚೆನ್ನಾಗಿ ಬಂದವು. ಆಮೇಲೆ ಹೆಸರಿನ ನಡುವೆ ಬಿಳಿ ಗೆರೆ ಬಿತ್ತು. ಗೆರೆ ಅಗಲವಾಯಿತು. ಮಧ್ಯಾಹ್ನ ಬಾಟಲಿಗಳನ್ನು ಒಯ್ಯಲು ಅಂಗಡಿಯವನು ವ್ಯಾನ್ ತರುವವನಿದ್ದ, ಇವಳ ಕೈಯಲ್ಲಿ ಹೆಸರೇ ಇಲ್ಲದ ಕಾಗದ.

ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಬೀರುವಿನ ಬೀಗದ ಕೈ ಎಲ್ಲಿದೆ ಎಂಬುದೂ ಗೊತ್ತಿತ್ತು: ಅತ್ತೆಯ ಕೊರಳಲ್ಲಿ. ನಾಚಿಕೆಯಿಂದ ಸತ್ತು ಹೋಗಬೇಕು ಎನಿಸಿತು. ಆದರೂ ಹೋದಳು.

"ಅತ್ತೆ, ಸ್ವಲ್ಪ ಬನ್ನಿ. ಇದಕ್ಕೂ... ಗಾಳಿ ಹೊಡೆದಿದೆ."

ಲೆಪೊಸಾವಾ ಬಂದವಳು ಮೊದಲು ಕಿಟಕಿಗಳನ್ನು ನೋಡಿದಳು. "ಯಾರೇ ತೆಗೆದಿದ್ದು?"

"ನಾನೇ. ಹಳೇವಕ್ಕೂ ನಾನೇ ತೆಗೆದಿಟ್ಟಿದ್ದು, ಅತ್ತೆ. ದಿನಾ."

"ಗೊತ್ತು ಕಣೇ." ಮುದುಕಿ ಹತ್ತಿಯನ್ನು ರಾಕಿಯಾದಲ್ಲಿ ಅದ್ದುತ್ತ, "ನಾನು ಈ ಮನೆಗೆ ಬಂದಾಗ ನಮ್ಮತ್ತೆ ಕುರ್ಚಿ ಹಿಂದಿನ ಕಿಟಕಿ ತೆಗೀತಿದ್ದೆ. ದಿನಾ," ಎಂದಳು.

ಬಿಲ್ಯಾನಾ ಸರ್ರನೆ ತಿರುಗಿದಳು. "ಏನಾಯ್ತು ಅವರಿಗೆ?"

"ಏನಾಗುತ್ತೆ? ತೊಂಬತ್ತಾರು ವರ್ಷ ಬದುಕಿದಳು, ಪಾಪಿ. ಸಾಯೋವರೆಗೂ ಬಾಟಲಿ ಮೇಲೆ ಅವಳ ಹೆಸರೇ. ನನ್ನದು ಬರೋ ಹೊತ್ತಿಗೆ ನನ್ನ ಹಲ್ಲೆಲ್ಲ ಬಿದ್ದಿತ್ತು."

ಅವಳು ಮುಚ್ಚಳ ಹಾಕಿ ಗುಂಡಿ ಒತ್ತಿದಳು. ಲೇಬಲ್ ಹೊರಬಂತು, ಒಂದಕ್ಷರವೂ ಮಾಸದೆ: ಬಿಲ್ಯಾನಾಳ ಆಯ್ವಾರ್. ಮುದುಕಿ ಅದನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ಓದಿದಳು. ಆಮೇಲೆ ಬಾಟಲಿಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿ ಸವರಿದಳು.

"ನೋಡೇ, ಸೊಟ್ಟಗೆ ಅಂಟಿಸಬೇಡ. ಜನ ನಿನ್ನನ್ನೇ ಬೈಯೋದು ಇನ್ಮೇಲೆ."

ಹೇಳಿ ಸುಸ್ತಾದವಳಂತೆ ತನ್ನ ಕುರ್ಚಿಯಲ್ಲಿ ಕುಳಿತಳು. ಕುರ್ಚಿಯ ಹಿಂದಿನ ಕಿಟಕಿ ಇನ್ನೂ ತೆರೆದಿತ್ತು. ಹೊರಗಿನಿಂದ ಸೆಪ್ಟೆಂಬರಿನ ತಣ್ಣನೆ ಗಾಳಿ ಬಂದು ಅವಳ ತಲೆಬಟ್ಟೆಯ ಅಂಚನ್ನು ಅಲ್ಲಾಡಿಸುತ್ತಿತ್ತು. ಅವಳು ತಿರುಗಿಯೂ ನೋಡಲಿಲ್ಲ.

ಅಡ್ಡಗಾಳಿಯನ್ನು ಒಂದು ಚೂರೂ ನಂಬದ ಬಿಲ್ಯಾನಾ ಹೋಗಿ ಆ ಕಿಟಕಿ ಮುಚ್ಚಿದಳು, ಚಿಲಕ ಹಾಕಿದಳು, ಸರಿಯಾಗಿ ಬಿದ್ದಿದೆಯೇ ಎಂದು ಎಳೆದೂ ನೋಡಿದಳು.