ಉಡಿ ತುಂಬಿದ ಮಷೀನು

ಖಾರ ಕುಟ್ಟುವ ಮಷೀನು ಟೆಂಪೋದಿಂದ ನಮ್ಮ ಐಗಳಿಯಲ್ಲಿ ಇಳಿದಾಗ ಊರಿಗೆ ಊರೇ ಚಪ್ಪಾಳೆ ಹೊಡೆಯಿತು. ನಾನು ಹೊಡೆಯಲಿಲ್ಲ. ಹಿಂದುಳಿದ ಊರಿನ ಹೆಂಗಸರ ಉದ್ಧಾರಕ್ಕೆ ಸರ್ಕಾರ ಪುಕ್ಕಟೆ ಕೊಡುತ್ತದಂತೆ! ಪುಕ್ಕಟೆ ಬಂದ ಹೊಲಿಗೆ ಮಷೀನು ಕಂಡಿದ್ದೇನೆ, ಸೂಜಿಯೇ ಇರಲಿಲ್ಲ. ಪುಕ್ಕಟೆ ಬಂದ ಪಂಪು ಕಂಡಿದ್ದೇನೆ, ಅದನ್ನು ಇಳಿಸಲು ಬಾವಿಯೇ ಇರಲಿಲ್ಲ. ಹೀಗಾಗಿ ಈ ಸತ್ತೆವ್ವ ಕೈಕಟ್ಟಿಕೊಂಡು ಒಂದು ಬದಿಗೆ ನಿಂತಳು.

ಸೊಸೆ ರಾಜೇಶ್ವರಿ ಮಾತ್ರ ಇದ್ದ ಒಂದೇ ಒಳ್ಳೆ ಸೀರೆ ಉಟ್ಟು ಓಡಾಡುತ್ತಿದ್ದಳು. ಹೆಂಗಸರ ಸಂಘಕ್ಕೆ ಅವಳೇ ಮುಂದಾಳು. ಮಷೀನು ಬರುವುದು ಖಾತ್ರಿ ಎಂದು ಏಜೆಂಟ ಜ್ಞಾನದೇವ ಹೇಳಿದ್ದೇ ತಡ, ಪಾರಿಸಣ್ಣನ ಒಣದ್ರಾಕ್ಷಿ ಶೆಡ್ಡಿನ ಕೆಲಸ ಬಿಟ್ಟು ಬಂದಿದ್ದಳು. ಆ ಜಾಗಕ್ಕೆ ಆಗಲೇ ಬೇರೆಯವಳು ಬಂದು ಕೂತಿದ್ದಾಳೆ. ಈ ಮಷೀನು ಕೈಕೊಟ್ಟರೆ ಅವಳಿಗೆ ಉಳಿದದ್ದು ನನ್ನ ಮಗ ಬೀರದೇವನ ಹಿಂದೆ, ಕುರಿ ಹಿಂಡಿನ ಜೋಡಿ, ಊರೂರು ತಿರುಗುವುದು. ಹಾಗೆ ತಿರುಗುವಾಗಲೇ ಅವಳ ಚೊಚ್ಚಲ ಕೂಸು ಜ್ವರ ಬಂದು ಯಾರದೋ ಹೊಲದಲ್ಲಿ ಕಣ್ಣು ಮುಚ್ಚಿತು. ಎರಡನೆಯವಳು ಮನಿಷಾ ಈಗ ಇಲ್ಲೇ ಸಾಲಿಗೆ ಹೋಗುತ್ತಾಳೆ.

“ಈ ಕೂಸನ್ನ ಮಾತ್ರ ನಾ ಹಿಂಡಿನ ಹಿಂದ ಒಯ್ಯೂದಿಲ್ಲ ಅತ್ತಿ,” ಎಂದು ರಾಜೇಶ್ವರಿ ನನಗೆ ಹೇಳಿದ್ದಳು.

ಉದ್ಘಾಟನೆಗೆ ದೊಡ್ಡ ಸಾಹೇಬರು ಬರುವ ಮೊದಲು, ಹಿರಿಯಳೆಂದು ಮಷೀನಿಗೆ ಅರಿಷಿಣ ಕುಂಕುಮ ಹಚ್ಚಲು ನನ್ನನ್ನೇ ಕರೆದರು. ಹಚ್ಚುತ್ತ ಹಚ್ಚುತ್ತ, ಸುಮ್ಮನಿರಲಾರದ ಕೈ ನನ್ನದು, ಕುಟ್ಟುವ ಗುಂಡಿಯೊಳಗೆ ಇಳಿಯಿತು. ತಳದಲ್ಲಿ ನಾಲ್ಕು ಕಾಳು ಅಕ್ಕಿ, ಒಂದು ಉತ್ತತ್ತಿ, ಒಂದು ಅರಿಷಿಣ ಕೊಂಬು. ಎಲಾ ಇದರ! ಇದಕ್ಕೆ ಯಾರೋ ಹೆಂಗಸರು ಆಗಲೇ ಉಡಿ ತುಂಬಿದ್ದಾರೆ. ಕಂಪನಿಯವರೇನು ಉತ್ತತ್ತಿ ಇಟ್ಟು ಕಳಿಸುತ್ತಾರೆಯೇ?

ಸದ್ದಿಲ್ಲದೆ ಟೆಂಪೋ ಡ್ರೈವರನ ಹತ್ತಿರ ಹೋದೆ. ಅವನು ಉಪ್ಪಿಟ್ಟು ತಿನ್ನುತ್ತ ಕೂತಿದ್ದ.

“ಎಲ್ಲಿಂದ ತಂದಿ ತಮ್ಮಾ ಇದನ್ನ?”

“ಮುಗಳಖೋಡದಿಂದ ಬೇ ಆಯಿ. ಮುಂಜಾನೆ ಅಲ್ಲೇ ಏರಿಸಿದ್ನಿ.”

“ಸಂಜಿಕ?”

“ಸಂಜಿಕ ಜುಗೂಳಕ್ಕ ಒಯ್ಯೂದೈತಿ. ನಾಳೆ ಅಲ್ಲಿ ಕಾರ್ಯಕ್ರಮ.”

ಮುಗಳಖೋಡ ನನ್ನ ಅಕ್ಕ ಶಿವಗಂಗವ್ವನನ್ನು ಕೊಟ್ಟ ಊರು. ಅವಳೂ ಅಲ್ಲಿ ಸಂಘದ ಹಿರಿಯಾಕೆ. ನಿನ್ನೆ ರಾತ್ರಿಯಷ್ಟೇ ಫೋನು ಮಾಡಿ, “ಮಷೀನ ಬಂತ ನೋಡ ಸತ್ತೆವ್ವಾ! ಮಗಳಂಗ ಉಡಿ ತುಂಬಿ ಒಳಗ ಕರಕೊಂಡ್ವಿ. ಫಿಟಿಂಗ್ ಬಾಕಿ ಐತಂತ ಒಯ್ತಾರಂತ, ಸೋಮವಾರ ತರ್ತಾರಂತ,” ಎಂದು ಹಿಗ್ಗಿದ್ದಳು. ಮಷೀನಿಗೆಂಥಾ ಉಡಿ ಎಂದು ನಾನು ನಕ್ಕಿದ್ದೆ.

ಹಾಗಾದರೆ ಇದು ಅಕ್ಕನ ಮಷೀನು! ಒಂದೇ ಮಷೀನನ್ನು ಊರೂರಿಗೆ ಹೊತ್ತು, ರಿಬ್ಬನ್ ಕತ್ತರಿಸಿ, ಫೋಟೋ ಹೊಡೆಸಿಕೊಂಡು ಹೋಗುವ ಆಟ ಇದು. ಸಾಹೇಬರು ಬಂದರು. ಇನ್ನು ನಿಮ್ಮ ಬಾಳು ಬಂಗಾರ ಎಂದು ಭಾಷಣ ಬಿಗಿದರು. ಅವರಿಗೆ ಈ ಆಟ ಗೊತ್ತಿತ್ತೋ ಇಲ್ಲವೋ ಎಂದು ಅವರ ಮುಖವನ್ನೇ ನೋಡುತ್ತ ಕೂತೆ. ಗೊತ್ತಾಗಲಿಲ್ಲ. ಎದ್ದು ನಿಂತು ಕೂಗಿಬಿಡಲೇ ಎಂದು ನಾಲಿಗೆ ತುರಿಸಿತು. ಅಷ್ಟರಲ್ಲಿ ರಾಜೇಶ್ವರಿ ಮೆಲ್ಲಗೆ ಮಷೀನಿನ ಮೇಲೆ ಕೈಯಾಡಿಸುವುದು ಕಂಡಿತು. ಕೂಗಲಿಲ್ಲ.

ಸಾಹೇಬರ ಕಾರು ಊರು ದಾಟಿದ್ದೇ ಟೆಂಪೋ ಹಿಂದಕ್ಕೆ ಸರಿದು ಬಂತು. ಜ್ಞಾನದೇವ ಹಲ್ಲು ಕಿರಿಯುತ್ತ, “ಬಾಜೂಕ ಸರೀರಿ ಮಾವಶಿ. ಸ್ವಲ್ಪ ಫಿಟಿಂಗ್ ಬಾಕಿ ಐತಿ. ಸೋಮವಾರ ಪರತ್ ತರ್ತೇವಿ,” ಎಂದ.

“ಸೋಮವಾರ ತರ್ತಾರಂತ ಅತ್ತಿ,” ಎಂದಳು ರಾಜೇಶ್ವರಿ. ನಂಬಿ ಹೇಳಿದ ಮಾತಲ್ಲ ಅದು.

ನನಗೆ ಎಲ್ಲಿತ್ತೋ ಸಿಟ್ಟು. “ಎಲ್ಲಾರೂ ಮನ್ಯಾಗಿನ ಮೆಣಸಿನಕಾಯಿ ತರ್ರಿಬೇ!” ಎಂದು ಕೂಗಿದೆ. “ಇಲ್ಲಿ ಇಳದದ್ದು ಇಲ್ಲೇ ಇರತೈತಿ!”

ಹೆಂಗಸರು ಬುಟ್ಟಿ ಬುಟ್ಟಿ ತಂದರು. ಹಿಟ್ಟಿನ ಗಿರಣಿಯ ಜಕ್ಕಪ್ಪ ತನ್ನ ಗಿರಣಿಯಿಂದಲೇ ವಾಯರು ಎಳೆದುಕೊಟ್ಟ. ಮಷೀನು ಧಡಧಡ ಕುಟ್ಟತೊಡಗಿತು. ಘಾಟು ಎದ್ದದ್ದೇ ಎದ್ದದ್ದು! ಹೊರಲು ಬಂದ ಹಮಾಲರು ಸೀನುತ್ತ, ಕಣ್ಣೊರೆಸುತ್ತ, ನಮ್ಮ ಏಳು ತಲೆಮಾರನ್ನು ಬೈಯುತ್ತ ದೂರ ಓಡಿದರು. ಹೆಂಗಸರು ಸೆರಗು ಮೂಗಿಗೆ ಕಟ್ಟಿಕೊಂಡು ಬಿದ್ದು ಬಿದ್ದು ನಕ್ಕರು. ಮುಖದ ತುಂಬ ಕೆಂಪು ಪುಡಿ ಮೆತ್ತಿಕೊಂಡು ರಾಜೇಶ್ವರಿಯೂ ನಕ್ಕಳು. ಆ ಕೂಸು ಹೋದಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಜ್ಞಾನದೇವ ಕರ್ಚೀಫು ಒತ್ತಿಕೊಂಡು ನನ್ನ ಕಿವಿಯ ಹತ್ತಿರ ಬಂದ. ಡ್ರೈವರನ ಬಳಿ ನಾನು ಮಾತಾಡಿದ್ದು ಅವನಿಗೆ ಕಂಡಿತ್ತು.

“ಇಟ್ಕೋರಿ ಮಾವಶಿ. ಮುಗಳಖೋಡದವರಿಗೆ ನಾ ಏನರೆ ಹೇಳ್ತೀನಿ. ನೀವೂ ಬಾಯಿ ಬಿಡಬ್ಯಾಡ್ರಿ, ನಾನೂ ಬಿಡೂದಿಲ್ಲ.”

ಇದರಲ್ಲೂ ಏನೋ ಮಸಲತ್ತು ಇದೆ ಎನಿಸಿತು. ಥೂ, ನಿನ್ನ ಬಾಯಿಗೆ ಮಣ್ಣು ಬೀಳಲಿ ಎನ್ನಬೇಕಿತ್ತು. ನಾನು ಏನೂ ಅನ್ನಲಿಲ್ಲ. ಅವನಿಗೆ ಅಷ್ಟೇ ಸಾಕಾಯಿತು, ಟೆಂಪೋ ಹತ್ತಿ ಹೋದ.

ಅಂದಿನಿಂದ ಮಷೀನು ನಮ್ಮ ಪಡಸಾಲೆಯಲ್ಲೇ ಇದೆ. ಸುತ್ತಲಿನ ತೋಟದ ಮನೆಗಳಿಂದೆಲ್ಲ ಮೆಣಸಿನಕಾಯಿ ಬರತೊಡಗಿತು. ನನಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಯಾವ ಟೆಂಪೋ ಸದ್ದು ಕೇಳಿದರೂ ಬಾಗಿಲಿಗೆ ಓಡುತ್ತಿದ್ದೆ. ಯಾರು ಮಷೀನನ್ನು ದಿಟ್ಟಿಸಿ ನೋಡಿದರೂ ಇವರಿಗೇನೋ ಗೊತ್ತಾಗಿದೆ ಎನಿಸುತ್ತಿತ್ತು. ಡ್ರೈವರ ಹೇಳಿದ್ದನ್ನು ರಾಜೇಶ್ವರಿಗೂ ಹೇಳಿರಲಿಲ್ಲ.

ಸೋಮವಾರ ಹೋಗಿ ಮಂಗಳವಾರ ಅಕ್ಕನ ಫೋನು ಬಂತು. ಮಷೀನಿನ ಸದ್ದಿಗೆ ಕೇಳಿಸದೆ ಅಂಗಳಕ್ಕೆ ಬಂದು ಮಾತಾಡಿದೆ.

“ಸತ್ತೆವ್ವಾ, ಮಷೀನ ಬರಲೇ ಇಲ್ಲ. ಆ ಏಜೆಂಟನ ಫೋನ್ ಬಂದ್ ಐತಿ. ಸಂಘದಾಕಿಗೋಳು ನನ್ನ ಮ್ಯಾಲೆ ಸಂಶೆ ತಗದಾರ. ನಾನ ಮಾರಕೊಂಡೀನಂತ! ಈ ವಯಸ್ಸಿನಾಗ ನನ್ನ ಕಳ್ಳಿ ಅಂತಾರ.” ಅಕ್ಕ ಅಳುತ್ತಿದ್ದಳು. “ನಿಮ್ಮ ಕಡೆ ಎಲ್ಲೆರೆ ಬಂದೈತೇನ?”

ಬಾಗಿಲಿನಿಂದ ರಾಜೇಶ್ವರಿ ಕಾಣುತ್ತಿದ್ದಳು. ಅವಳ ಬೆನ್ನಿಗೆ ಒರಗಿ ಮನಿಷಾ ಸಾಲಿ ಪುಸ್ತಕ ಓದುತ್ತಿದ್ದಳು.

“ಇಲ್ಲಕ್ಕ,” ಎಂದೆ. “ಇಲ್ಲಿ ಯಾವ ಮಷೀನೂ ಬಂದಿಲ್ಲ.”

“ಅದೇನ ಧಡಧಡ ಸಪ್ಪಳ?”

“ಟ್ರ್ಯಾಕ್ಟರಕ್ಕ.”

ನಾನು ಅಂಗಳದ ತುದಿಗೆ ಸರಿದೆ.

“ಹಂಗಾರ ಖರೇನ ಇರಬೇಕ ಬಿಡ,” ಎಂದಳು ಅಕ್ಕ. “ನೀ ಯಾರನ್ನೂ ನಂಬಾಕಿ ಅಲ್ಲ. ಇದ್ದಿದ್ರ ನಿನಗ ಮೊದಲ ವಾಸನಿ ಹತ್ತತಿತ್ತು. ಎಲ್ಲೆರೆ ಕಂಡ್ರ ಹೇಳವ್ವಾ. ನಿನ್ನ ಬಿಟ್ಟ ನನಗ ಯಾರದಾರ?”

ಫೋನಿಟ್ಟು ಒಳಗೆ ಬಂದೆ. ಹೊಸ್ತಿಲ ಮೇಲೆ ಕೂತೆ. ರಾಜೇಶ್ವರಿ ಮಷೀನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಯಾರದು ಅತ್ತಿ ಫೋನು?”

“ಯಾರೂ ಅಲ್ಲ,” ಎಂದೆ. “ನೀ ಕುಟ್ಟವ್ವಾ, ಕುಟ್ಟು.”