ಅಲ್ಲಾಡಿಸಿ ನೋಡದ ಕಾಯಿ

ವರ್ಷವಿಡೀ ಅಟ್ಟದ ಮೇಲೆ ಒಣಗುವ ತೆಂಗಿನಕಾಯಿಗೆ ಒಂದು ವಾಸನೆಯಿದೆ. ಸಿಪ್ಪೆಯ ಧೂಳು, ಒಲೆಯ ಹೊಗೆ, ಒಳಗೊಳಗೇ ಎಣ್ಣೆಗಟ್ಟುವ ಕೊಬ್ಬರಿಯ ಸಿಹಿ ಎಲ್ಲ ಬೆರೆತದ್ದು. ತಿಪಟೂರಿನಲ್ಲಿ ಬಸ್ಸಿಳಿದ ನಯನಳ ಪಕ್ಕದಲ್ಲೇ ಕೊಬ್ಬರಿ ಲಾರಿಯೊಂದು ಹಾದುಹೋದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಮಾಯಸಂದ್ರದ ತಾತ ಕೆಂಪಯ್ಯ ನೆನಪಾದರು. ಅವರು ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಗಟಗಟ ಎಂದರೆ ಮಾತ್ರ ಒಡೆಯಬಹುದು. ಆದರೆ ಬೇಕಾದವರ ಮನೆಯ ಕಾಯನ್ನು ಅವರೆದುರು ಎಂದೂ ಅಲ್ಲಾಡಿಸಿದವರಲ್ಲ. "ಅವ್ರ್ ಮಾತು ಸಾಲ್ದೇನವ್ವ? ಮುಖಕ್ ಹೊಡ್ದಂಗಾಯ್ತದೆ" ಎನ್ನುತ್ತಿದ್ದರು.

ಆ ಮರ್ಯಾದೆಯನ್ನೇ ನಯನ ರಯೀಸನಿಗೆ ತೋರಿಸಿದ್ದಳು.

ಇಬ್ಬರೂ ತಿಪಟೂರಿನಲ್ಲಿ ಒಂದೇ ತರಗತಿಯಲ್ಲಿ ಓದಿದವರು. ಈಗ ಅವಳು ಪುಟ್ಟ ವಿಮಾನಗಳ ಶಾಲೆಯೊಂದರಲ್ಲಿ ಹಾರಾಟ ಕಲಿಸುತ್ತಾಳೆ, ಅವನು ಅಲ್ಲೇ ಮೆಕ್ಯಾನಿಕ್. ಕಳೆದ ತಿಂಗಳು ಅಲ್ಲಿನ ಮೂರು ವಿಮಾನಗಳಿಗೂ ಹೊಸದೊಂದು ಸೂಚಕ ಬಂತು. ರೆಕ್ಕೆ ಗಾಳಿಯನ್ನು ಎಷ್ಟು ಓರೆಯಾಗಿ ಸೀಳುತ್ತಿದೆ ಎಂದು ಅದು ಹೇಳುತ್ತದೆ. ಓರೆ ಹಿತವಾಗಿದ್ದರೆ ಹಸಿರು ದೀಪ, ಏರಿದರೆ ಹಳದಿ, ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುವ ಮೊದಲೇ ಕೆಂಪು. ಕೂರಿಸಿದ ಮೇಲೆ ಒಮ್ಮೆ ಎತ್ತರಕ್ಕೆ ಹಾರಿ, ವೇಗ ತಗ್ಗಿಸಿ, ಆ ವಿಮಾನಕ್ಕೆ ತಕ್ಕಂತೆ ದೀಪಗಳನ್ನು ಹೊಂದಿಸಲೇಬೇಕು.

"ಎಲ್ಲಾ ಹೊಂದ್ಸಿದೀನಿ ಕಣೇ, ಸೈನ್ ಹಾಕು" ಎಂದಿದ್ದ ರಯೀಸ್. ಅವಳು ಹಾಳೆ ಓದದೆ ಸಹಿ ಹಾಕಿದ್ದಳು.

ಮೂರನೆಯ ದಿನ ಒಬ್ಬಳೇ ಹಾರಿ, ಇಳಿಯಲು ಕಡಿಮೆ ಎತ್ತರದಲ್ಲಿ ತಿರುಗುತ್ತಿದ್ದಳು. ದೀಪ ಹಸಿರಾಗಿಯೇ ಇತ್ತು. ಹಸಿರಿರುವಾಗಲೇ ಎಡರೆಕ್ಕೆ ಕುಸಿಯಿತು. ಮೂತಿ ತಗ್ಗಿಸಿ ಸಂಭಾಳಿಸುವಷ್ಟರಲ್ಲಿ ನೆಲ ಬಂದೇಬಿಟ್ಟಿತು. ಚಕ್ರ ಮುರಿಯಿತು, ಅವಳ ಬಲ ಮಣಿಕಟ್ಟೂ ಮುರಿಯಿತು.

ಆಮೇಲೆ ಆ ಹಾಳೆಯನ್ನು ಅವಳಿಗೆ ಓದಿ ಹೇಳಿದರು. "ನಾವಿಬ್ಬರೂ ಮೇಲೆ ಹಾರಿ ಪರೀಕ್ಷಿಸಿದ್ದೇವೆ" ಎಂದಿತ್ತು. ದೀಪ ಕೆಂಪಾಗಿಯೇ ಇತ್ತು, ನಯನ ನೋಡಿಲ್ಲ ಎಂದು ರಯೀಸ್ ಬೇರೆ ಬರೆದುಕೊಟ್ಟಿದ್ದ. ನಾಳೆ ವಿಚಾರಣೆ. ಆ ಮಾತು ನಿಂತರೆ ಅವಳ ಲೈಸೆನ್ಸ್ ಹೋದಂತೆಯೇ.

ರಜೆಯ ಮೇಲೆ ಬಂದಿದ್ದ ರಯೀಸ್ ಮನೆಯ ಜಗಲಿಯಲ್ಲೇ ಸಿಕ್ಕಿದ.

"ಬಾರೇ. ಕೈ ಹೆಂಗೈತೆ?"

"ಕೈ ಇರ್ಲಿ ಬುಡು. ನಾವಿಬ್ರೂ ಯಾವತ್ತೋ ಮೇಲ್ ಹೋಗಿದ್ದು?"

ಅವನು ನೆಲ ನೋಡಿದ. "ಒಂದು ವಿಮಾನದಾಗೆ ಸರಿಯಾಗೇ ಹೊಂದ್ಸಿದ್ದೆ. ಎಲ್ಲಾ ಒಂದೇ ಮಾಡೆಲ್ ಅಲ್ವಾ, ಅದೇ ಅಳತೇನ ಉಳಿದೆರಡಕ್ಕೂ ಹಾಕ್ದೆ."

"ಎರಡಕ್ಕಾ? ಹಂಗಾದ್ರೆ ಇನ್ನೊಂದು ಯಾವ್ದು?"

ರಯೀಸ್ ಅದರ ನಂಬರು ಹೇಳಿದ. ಅದು ಈಗಲೂ ದಿನಾ ಹಾರುತ್ತಿತ್ತು, ಕಲಿಯುವ ಮಕ್ಕಳನ್ನು ಕೂರಿಸಿಕೊಂಡು.

"ತಪ್ಪು ಯಾರ್ ಮಾಡಲ್ಲ?" ಎಂದಳು ನಯನ. "ಆದ್ರೆ ನಾನ್ ಕೆಂಪು ನೋಡ್ಲಿಲ್ಲ ಅಂತ ಯಾಕೋ ಬರ್ಕೊಟ್ಟೆ?"

"ನೀನು ಹೆಂಗೋ ಮತ್ತೆ ಹಾರ್ತೀಯ. ನನ್ ಕೆಲ್ಸ ಒಂದ್ಸಲ ಹೋದ್ರೆ ಮುಗೀತು. ಪೈಲಟ್ ಮೇಡಮ್ಮೋರ ಮಾತು ಎಲ್ರೂ ಕೇಳ್ತಾರೆ. ಮೆಕ್ಯಾನಿಕ್ ಮಾತು ಯಾರ್ ಕೇಳ್ತಾರೆ?"

"ನಾನ್ ಕೇಳಿದ್ದೆ ಕಣೋ. ಅದುಕ್ಕೇ ಕೈ ಮುರ್ದಿರೋದು."

ಒಳಗೆ ಪಾತ್ರೆಗಳ ಸದ್ದು ನಿಂತಿತು. ರಯೀಸನ ತಾಯಿ ಮಹಮೂದಾ ಕೇಳಿಸಿಕೊಳ್ಳುತ್ತಿದ್ದರು.

"ನಾಳೆ ಬಂದು ನಿಜ ಹೇಳ್ತೀಯಾ?"

"ಆಗಲ್ಲ ಕಣೇ."

"ಹಂಗಾದ್ರೆ ನಾನೇ ಹೇಳ್ತೀನಿ. ಓದ್ದೆ ಸೈನ್ ಹಾಕ್ದೆ ಅನ್ನೋದ್ನೂ ಹೇಳ್ತೀನಿ. ಆ ಇನ್ನೊಂದು ವಿಮಾನ ಈಗ್ಲೇ ನಿಲ್ಬೇಕು."

"ನಿನ್ ಲೈಸೆನ್ಸೂ ಹೋಗುತ್ತೆ, ಹುಚ್ಚಿ!"

"ಹೋಗ್ಲಿ."

ಅವಳು ಅಲ್ಲೇ ನಿಂತು ಎಡಗೈಯಲ್ಲಿ ಶಾಲೆಗೆ ಫೋನ್ ಮಾಡಿ, ವಿಮಾನದ ನಂಬರು ಹೇಳಿ, ಹಾರಿಸಬೇಡಿ ಎಂದಳು. ರಯೀಸ್ ತಡೆಯಲಿಲ್ಲ. ಕ್ಷಮಿಸು ಎಂದೂ ಅನ್ನಲಿಲ್ಲ. ಎಂಟನೇ ಕ್ಲಾಸಿನಿಂದ ಕಂಡ ಮುಖ ಗುರುತೇ ಸಿಗದಂತೆ ಕಂಡಿತು.

ಬಾಗಿಲ ಪಕ್ಕದ ಮೊಳೆಯಲ್ಲಿ ರಾತ್ರಿ ಬಸ್ಸಿಗೆ ಹೊರಡಲಿದ್ದ ರಯೀಸನಿಗೆಂದು ಕಟ್ಟಿದ್ದ ಊಟದ ಕ್ಯಾರಿಯರ್ ತೂಗುತ್ತಿತ್ತು. ಮಹಮೂದಾ ಬಂದು ಮಗನತ್ತ ನೋಡದೆ ಅದನ್ನು ಒಳಕ್ಕೆ ಒಯ್ದರು. ಅಡುಗೆಮನೆಯಲ್ಲಿ ರೊಟ್ಟಿಗಳನ್ನು ಸಣ್ಣ ಸಣ್ಣ ಚೂರು ಮಾಡಿ ಬೇಳೆಯಲ್ಲಿ ನೆನೆಸುವುದು ನಯನಳಿಗೆ ಜಗಲಿಯಿಂದಲೇ ಕಾಣುತ್ತಿತ್ತು. ಮುಚ್ಚಳಕ್ಕೆ ಒಂದು ಚಮಚ ಸಿಕ್ಕಿಸಿ ಹೊರಬಂದರು. ಮೆಟ್ಟಿಲಿಳಿಯುತ್ತಿದ್ದ ನಯನಳ ಹಿಂದೆಯೇ ಇಳಿದು, ಕ್ಯಾರಿಯರನ್ನು ಅವಳ ಎಡಗೈಗೆ ಕೊಟ್ಟರು.